ಹದಿನಾಲ್ಕು-ಹತ್ತರ ಹುಂಜ

ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರಗಳಲ್ಲಿ ಮಾಂಸ ಮುಟ್ಟುವಂತಿಲ್ಲವಾದ್ದರಿಂದ ಅಮೆರಿಕದ ಬಫಲೋ ಊರಿನ ಕಥೋಲಿಕರು ತಟ್ಟೆಯ ಎರಡೂ ಅಂಚಿನಿಂದಾಚೆಗೆ ಚಾಚಿಕೊಳ್ಳುವಂಥ ಮೀನು ಕರಿಸಿಕೊಂಡು, ಅದರ ಜತೆಗೆ ಒಂದು ಗುಡ್ಡೆ ಆಲೂಗಡ್ಡೆ ತಿಂದು, ಮೇಲೊಂದು ಬಿಯರ್ ಕುಡಿದು ದೇಹವನ್ನು ದಂಡಿಸುತ್ತಾರೆ. ಈ ದಂಡನೆ ನಡೆಯುವುದು ಚರ್ಚಿನ ನೆಲಮಾಳಿಗೆಯ ಹಾಲಿನಲ್ಲಿ. ಸಾಲು ಹೊರಗೆ ಹಿಮದವರೆಗೂ ಹೋಗುತ್ತದೆ, ನಿಂತವರಿಗೆ ಬಾಯಾಡಿಸುವುದು ಬಿಟ್ಟು ಬೇರೆ ಕೆಲಸವಿರುವುದಿಲ್ಲ. ನಮ್ಮ ಚೆಟ್ ರೋಬೆಲ್ ಕೆಟ್ಟದ್ದು ಇಂಥದೊಂದು ಸಾಲಿನಲ್ಲೇ.

ಚೆಟ್ ಸಿಟಿ ಬಸ್ಸು ಓಡಿಸಿ ನಿವೃತ್ತನಾದವನು. ಒಳ್ಳೆಯವನು, ತೆಳ್ಳಗಿನವನು, ದನಿಯೂ ಅಷ್ಟೇ ತೆಳ್ಳಗೆ. ಅವನು ಶುರು ಮಾಡಿದ ಮಾತನ್ನು ಮುಗಿಸುವ ಹಕ್ಕು ಅವನ ಹೆಂಡತಿ ಜೆನೆವೀವಳ ಅಣ್ಣ ನಾರ್ಬರ್ಟನಿಗೆ ಸೇರಿತ್ತು. ಮದುವೆಯಾದಂದಿನಿಂದ ಹಾಗೇ ನಡೆದುಬಂದಿತ್ತು, ಯಾರೂ ತಕರಾರು ತೆಗೆದಿರಲಿಲ್ಲ.

ಅಂದು ಸಾಲಿನಲ್ಲಿ ಹಳೇ ರೇಡಿಯೋ ಮಾತು ಬಂತು. ಹದಿನಾಲ್ಕು-ಹತ್ತು ಎಂದು ಡಯಲ್ಲಿನ ಮೇಲಿನ ಅಂಕಿಯಿಂದಲೇ ಕರೆಯುತ್ತಿದ್ದ ಸ್ಟೇಷನ್. ಇವರೆಲ್ಲ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಬೆಳಿಗ್ಗೆ ಆರಕ್ಕೆ ರಸ್ಟಿ ಹುಂಜ ಎನ್ನುವವನು ಅದರಲ್ಲಿ ಕೋಳಿಯ ಹಾಗೆ ಕೂಗಿ ಊರನ್ನು ಎಬ್ಬಿಸುತ್ತಿದ್ದ, ಆಮೇಲೆ ಒಂಬತ್ತರವರೆಗೂ ರಾಕ್ ಅಂಡ್ ರೋಲ್. ಹಿಮ ಜಾಸ್ತಿ ಬಿದ್ದ ದಿನ ಯಾವ ಶಾಲೆಗೆ ರಜೆ ಎಂದು ಓದುತ್ತಿದ್ದವನೂ ಅವನೇ. ಹೀಗಾಗಿ ಮಕ್ಕಳ ಕಣ್ಣಿಗೆ ಮೇಯರಿಗಿಂತ ಅವನೇ ಒಂದು ಕೈ ಮೇಲು. ಈಗ ಅದೇ ಅಂಕಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಯಾರೋ ಮೊಣಕಾಲು ನೋವಿನ ಮಾತ್ರೆ ಮಾರುತ್ತಾರೆ.

"ಆ ರಸ್ಟಿ ಮುಖಾನ ಒಬ್ಬ ನರಮನುಷ್ಯನೂ ನೋಡಿಲ್ಲ," ಎಂದ ನಾರ್ಬರ್ಟ್. "ಅಂಗಡಿ ಉದ್ಘಾಟನೆಗೆ ಬಂದ್ರೂ ಕೋಳಿ ವೇಷದಲ್ಲೇ ಬರ್ತಿದ್ದ. ಯಾರು, ಎಲ್ಲಿಯವನು, ಇದಾನಾ ಸತ್ತನಾ, ಒಂದೂ ಗೊತ್ತಿಲ್ಲ."

"ಅದೇನಾಗಿತ್ತು ಅಂದ್ರೆ," ಎಂದು ಚೆಟ್ ಬಾಯಿ ತೆರೆದ.

"ಅದೇನಾಗಿತ್ತು ಅಂದ್ರೆ ಅವನು ಕ್ಲೀವ್‌ಲ್ಯಾಂಡಿನವನು," ಎಂದು ನಾರ್ಬರ್ಟ್ ಮುಗಿಸಿದ. "ನಿಂಗೇನು ಗೊತ್ತು ಚೆಟ್, ನೀನು ಬಸ್ಸು ಓಡಿಸ್ಕೊಂಡಿದ್ದವನು."

ಮನುಷ್ಯನಿಗೆ ತಾಳ್ಮೆ ಎನ್ನುವುದು ಎಲ್ಲಿ ತೀರುತ್ತದೆ ಎಂದು ಹೇಳಲಾಗದು. ಚೆಟ್‌ಗೆ ಅದು ಸಾಲಿನ ತುದಿಯಲ್ಲಿ, ಇನ್ನೇನು ತಟ್ಟೆ ಕೈಗೆ ಬರಬೇಕು ಅನ್ನುವಾಗ ತೀರಿತು. "ರಸ್ಟಿ ನಾನೇ," ಎಂದುಬಿಟ್ಟ.

ಸಾಲಿನಲ್ಲಿದ್ದವರೆಲ್ಲ ಇತ್ತ ತಿರುಗಿದರು. ಚೆಟ್ ಬೆದರಿದ. "ಅಂದ್ರೆ, ಪೂರ್ತಿ ಅಲ್ಲ," ಎಂದು ಸರಿಪಡಿಸಲು ಹೊರಟಿದ್ದ. ಅಷ್ಟರಲ್ಲಿ ಕೌಂಟರಿನ ಆಚೆ ಬಡಿಸುತ್ತಿದ್ದ ಜೆನೆವೀವ್ ಸೌಟು ಕೆಳಗಿಟ್ಟು ಗಂಡನ ಮುಖ ನೋಡಿದಳು. ಮದುವೆಯ ದಿನ ಕೂಡ ಆಕೆ ಅವನನ್ನು ಹಾಗೆ ನೋಡಿರಲಿಲ್ಲ. ಆ ನೋಟ ಕಂಡ ಮೇಲೆ "ಪೂರ್ತಿ ಅಲ್ಲ" ಎನ್ನುವ ಮಾತು ಚೆಟ್‌ನ ಗಂಟಲಿನಿಂದ ಕೆಳಗಿಳಿದು ಎಲ್ಲೋ ಹೋಗಿ ಕೂತಿತು.

"ಚೆಟ್," ಎಂದಳು ಆಕೆ, "ನಂಗೆ ಯಾಕೆ ಹೇಳ್ಲಿಲ್ಲ?" ಹಾಗೆಂದು ಅವನ ತಟ್ಟೆಗೆ ಎರಡು ಮೀನು ಹಾಕಿದಳು.

ನಿಜ ಏನೆಂದು ಓದುಗರಿಗೆ ಈಗಲೇ ಹೇಳಿಬಿಡುವುದು ಒಳ್ಳೆಯದು. ರಸ್ಟಿ ಎನ್ನುವುದು ಮನುಷ್ಯನ ಹೆಸರಲ್ಲ, ಕುರ್ಚಿಯ ಹೆಸರು. ಹೆಸರು ಸ್ಟೇಷನ್ನಿನ ಸ್ವತ್ತು. ಆ ಕುರ್ಚಿಯಲ್ಲಿ ಕೂತು ಕೂಗುತ್ತಿದ್ದವನು ಹೆಚ್ಚಿನ ಸಂಬಳಕ್ಕೆ ಬೇರೆ ಊರಿಗೆ ಹಾರಿದರೆ ಮಾರನೇ ಬೆಳಿಗ್ಗೆ ಇನ್ನೊಬ್ಬ ಬಂದು ಅದೇ ಹೆಸರಿನಲ್ಲಿ ಕೂಗುತ್ತಿದ್ದ, ಊರಿಗೆ ಏನೂ ಹೇಳುತ್ತಿರಲಿಲ್ಲ. ಆ ಕಾಲದ ಸ್ಟೇಷನ್ನುಗಳಲ್ಲಿ ಇದು ಮಾಮೂಲು. ಹೀಗೆ ಮೂವರು ರಸ್ಟಿಗಳಾಗಿ ಹೋದರು, ಮೂವರೂ ಬೊಕ್ಕತಲೆಯ ಸಂಸಾರಸ್ಥರು. ಇವರನ್ನು ಹುಡುಗಿಯರಿಗೆ ತೋರಿಸಿದರೆ ಮುಗಿದೇ ಹೋಯಿತು ಎಂದು ಮ್ಯಾನೇಜರು ಒಂದು ಕೋಳಿ ವೇಷ ಹೊಲಿಸಿ, ಅದರೊಳಗೆ ಕುಣಿಯಲು ಹೈಸ್ಕೂಲಿನ ಒಬ್ಬ ತೆಳ್ಳನೆ ಹುಡುಗನನ್ನು ಇಟ್ಟುಕೊಂಡ. ಒಳಗಿಂದ ಒಂದು ಪದ ಹೊರಬಂದರೂ ಕೆಲಸ ಹೋಯಿತು ಎಂದು ಕಟ್ಟಪ್ಪಣೆ. ಆ ಹುಡುಗ ಚೆಟ್. ಮುಂದೆ ಜೆನೆವೀವಳ ಪರಿಚಯವಾದಾಗ, ಪುಕ್ಕ ಕಟ್ಟಿಕೊಂಡು ಅಂಗಡಿ ಮುಂದೆ ಕುಣಿಯುತ್ತಿದ್ದೆ ಎಂದು ಯಾವ ಗಂಡಸು ತಾನೇ ಹುಡುಗಿಯ ಹತ್ತಿರ ಹೇಳಿಕೊಳ್ಳುತ್ತಾನೆ? ಬಸ್ಸು ಓಡಿಸುತ್ತೇನೆ ಎಂದಷ್ಟೇ ಹೇಳಿದ್ದ. ಅದೇ ಆ ಕಾಲಕ್ಕೆ ಮರ್ಯಾದೆಯ ಮಾತಾಗಿತ್ತು.

ಮರುದಿನ ಹೇಳಿಬಿಡೋಣ ಎಂದುಕೊಂಡ. ಆದರೆ ಮರುದಿನ ಜೆನೆವೀವ್ ಹೇರ್ ಡ್ರೆಸ್ಸರ್ ಹತ್ತಿರ ಹೋಗಿ ಕೂದಲು ಸುರುಳಿ ಮಾಡಿಸಿಕೊಂಡು ಬಂದಳು. ಬ್ರೆಡ್ಡಿನ ಅಂಗಡಿಯಲ್ಲಿ ಅವಳಿಗೆ ಸಾಲು ಬಿಟ್ಟುಕೊಟ್ಟರಂತೆ. ಬಸ್ ಡ್ರೈವರನ ಹೆಂಡತಿ ಎಂದು ತಾತ್ಸಾರವಾಗಿ ಮಾತಾಡಿಸುತ್ತಿದ್ದ ಅತ್ತಿಗೆ, ಅಂದರೆ ನಾರ್ಬರ್ಟನ ಹೆಂಡತಿ, ತಾನಾಗಿ ಫೋನ್ ಮಾಡಿ ಊಟಕ್ಕೆ ಕರೆದಳಂತೆ. ಅಡುಗೆಮನೆಯಲ್ಲಿ ಹಳೇ ಹಾಡು ಗುನುಗುತ್ತಾ ಪಾತ್ರೆ ಒರೆಸುತ್ತಿದ್ದವಳ ಮುಖವನ್ನೇ ನೋಡುತ್ತಾ ಚೆಟ್ ಬಾಗಿಲಲ್ಲಿ ನಿಂತ. ಈ ಮುಖ ಬಾಡದ ಹಾಗೆ ನೋಡಿಕೊಂಡರೆ ಸಾಕು, ತಾನು ನರಕಕ್ಕೆ ಹೋದರೂ ಚಿಂತೆಯಿಲ್ಲ ಎಂದುಕೊಂಡ.

ನರಕದ ವ್ಯವಸ್ಥೆಯನ್ನು ನಾರ್ಬರ್ಟ್ ವಹಿಸಿಕೊಂಡ. ಮೂರು ದಿನ ಮುಖ ಊದಿಸಿಕೊಂಡಿದ್ದವನಿಗೆ ನಾಲ್ಕನೇ ದಿನ, ರಸ್ಟಿಯ ಭಾವ ಆಗಿರುವುದೂ ಸಣ್ಣ ಪದವಿಯಲ್ಲ ಎಂದು ಹೊಳೆದಿರಬೇಕು. ಹದಿನಾಲ್ಕು-ಹತ್ತು ಅಭಿಮಾನಿ ಬಳಗ ಎಂದು ಒಂದು ಕಟ್ಟಿ, ಅದಕ್ಕೆ ತಾನೇ ಅಧ್ಯಕ್ಷನಾಗಿ, ಪೇಪರಿಗೆ ಹೇಳಿಕೆ ಕೊಟ್ಟೇಬಿಟ್ಟ: ತಪಸ್ಸು ಕಾಲದ ಕೊನೆಯ ಶುಕ್ರವಾರ ಚರ್ಚಿನ ಹಾಲಿನಲ್ಲಿ ರಸ್ಟಿಗೆ ಸನ್ಮಾನ, ಕೌನ್ಸಿಲರ್ ಹೂಲಿಹಾನ್ ಅವರಿಂದ ಫಲಕ, ಜತೆಗೆ ಊರಿನ ಪುಟ್ಟ ಸಮುದಾಯ ರೇಡಿಯೋದವರು ಅಲ್ಲಿಂದಲೇ ಒಂದು ಗಂಟೆ ನೇರ ಪ್ರಸಾರ. ರಸ್ಟಿ ಮತ್ತೆ ಕೂಗಲಿದ್ದಾನೆ.

"ನಾರ್ಬರ್ಟ್, ನಂಗೆ ಈಗ ಕೂಗಕ್ಕೆ," ಎಂದ ಚೆಟ್.

"ಕೂಗಕ್ಕೆ ಭಯ. ಗೊತ್ತು. ದೊಡ್ಡ ಕಲಾವಿದರಿಗೆಲ್ಲ ಇರತ್ತೆ," ಎಂದು ನಾರ್ಬರ್ಟ್ ಬೆನ್ನು ತಟ್ಟಿದ.

ಅಂದಿನಿಂದ ಚೆಟ್ ಮನೆಯ ನೆಲಮಾಳಿಗೆಯಲ್ಲಿ, ಬಾಯ್ಲರಿನ ಪಕ್ಕ ನಿಂತು ಅಭ್ಯಾಸ ಶುರು ಮಾಡಿದ. ಮೂವರು ರಸ್ಟಿಗಳ ಕೂಗೂ ಅವನಿಗೆ ಬಾಯಿಪಾಠ, ಕಿವಿಯಲ್ಲಿ ಈಗಲೂ ಸ್ಪಷ್ಟ. ಆದರೆ ಕಿವಿಯಲ್ಲಿರುವುದು ಗಂಟಲಿಗೆ ಬಂದಾಗ ಬಾಗಿಲ ಸಂದಿಗೆ ಬಾಲ ಸಿಕ್ಕಿದ ಬೆಕ್ಕಿನ ಹಾಗೆ ಕೇಳಿಸುತ್ತಿತ್ತು. ಜೆನೆವೀವ್ ಮೆಟ್ಟಿಲ ಮೇಲಿಂದ ನಿಂಬೆ ಜೇನಿನ ಬಿಸಿನೀರು ಇಳಿಸಿ, "ವಯಸ್ಸಾಯ್ತಲ್ಲ, ಗಂಟಲು ಸ್ವಲ್ಪ ಕಟ್ಟಿದೆ ಅಷ್ಟೇ. ಬಿಡಬೇಡ," ಎನ್ನುತ್ತಿದ್ದಳು.

ನಾಲ್ಕನೇ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಹೊರಗೆ ಡ್ವೇನ್ ಎನ್ನುವ ಪೌರಾಡಳಿತದ ಪ್ರಾಣಿ ನಿಯಂತ್ರಣಾಧಿಕಾರಿ ಕೈಯಲ್ಲೊಂದು ಬಲೆ, ಇನ್ನೊಂದು ಕೈಯಲ್ಲಿ ಪಂಜರ ಹಿಡಿದು ನಿಂತಿದ್ದ. ಅವನ ಹಿಂದೆ ಪಕ್ಕದ ಮನೆಯ ಮಿಸೆಸ್ ಫಿಯೋರೆಲ್ಲಾ, ಎಂಬತ್ತರ ಮುದುಕಿ, ನೈಟಿಯ ಮೇಲೆ ಕೋಟು ಹಾಕಿಕೊಂಡು ನಿಂತಿದ್ದಳು.

"ಊರಿನ ಮಿತಿಯೊಳಗೆ ಹುಂಜ ಸಾಕೋ ಹಾಗಿಲ್ಲ ಸರ್," ಎಂದ ಡ್ವೇನ್.

"ಹುಂಜ ಅಷ್ಟೇ ಅಲ್ಲ, ಅದಕ್ಕೆ ಏನೋ ರೋಗ ಬಂದಿದೆ," ಎಂದಳು ಮಿಸೆಸ್ ಫಿಯೋರೆಲ್ಲಾ. "ಮೂರು ದಿನದಿಂದ ಕೇಳ್ತಿದೀನಿ. ಪಾಪ, ಒಂದೇ ಏಟಿಗೆ ಕತ್ತು ಮುರಿದುಬಿಡಿ, ನರಳೋದು ಬೇಡ."

ಚೆಟ್ ಗೋಡೆಗೆ ಅಂಟಿಕೊಂಡ. ಜೆನೆವೀವ್ ಮಾತ್ರ ಏಪ್ರನ್ನಿಗೆ ಕೈ ಒರೆಸಿಕೊಂಡು ಹೆಮ್ಮೆಯಿಂದ ಮುಂದೆ ಬಂದಳು. "ಅದು ಕೋಳಿ ಅಲ್ಲ. ನನ್ನ ಗಂಡ. ರಸ್ಟಿ ಹುಂಜ ಇವರೇ."

ಡ್ವೇನ್ ಬಲೆ ಕೆಳಗಿಟ್ಟು ಟೋಪಿ ತೆಗೆದ. ಅವನಮ್ಮ ಅಡುಗೆಮನೆಯಲ್ಲಿ ರಸ್ಟಿ ಕಾರ್ಯಕ್ರಮ ಕೇಳಿಕೊಂಡೇ ಅವನಕ್ಕಂದಿರನ್ನು ಸಾಕಿದವಳಂತೆ. ಈಗ ವೃದ್ಧಾಶ್ರಮದಲ್ಲಿದ್ದಾಳಂತೆ. "ಸರ್, ಒಂದೇ ಒಂದು ಸಲ ಫೋನಲ್ಲಿ ಅಮ್ಮಂಗೆ ಕೂಗಿ," ಎಂದು ಆಗಲೇ ನಂಬರು ಒತ್ತಿದ. ಚೆಟ್ ಕಣ್ಣು ಮುಚ್ಚಿ ಕೂಗಿದ. ಆ ಕಡೆಯಿಂದ ಮುದುಕಿಯ ದನಿ ಬಂತು: "ಡ್ವೇನ್, ಅದನ್ನ ಹಿಡಿದು ಆಯ್ತಾ?"

"ಅವಳಿಗೆ ಕಿವಿ ಮಂದ," ಎಂದು ಡ್ವೇನ್ ಸಮಾಧಾನ ಹೇಳಿದ. ಮಿಸೆಸ್ ಫಿಯೋರೆಲ್ಲಾ ಮಾತ್ರ ಚೆಟ್‌ನನ್ನು ಅಡಿಯಿಂದ ಮುಡಿವರೆಗೆ ನೋಡಿ, "ರಸ್ಟಿ ಅಂತೆ," ಎಂದು ಮನೆಗೆ ಹೋದಳು.

ಇಷ್ಟಾದರೂ ಹೇಗೋ ದಾಟಬಹುದಿತ್ತು. ಆದರೆ ಪೇಪರಿನ ಸುದ್ದಿ ಎಲ್ಲಿಂದೆಲ್ಲಿಗೋ ಹೋಗಿತ್ತು. ಬಳಗದ ಫೋನ್ ನಂಬರು ಎಂದು ನಾರ್ಬರ್ಟ್ ಕೊಟ್ಟಿದ್ದು ತಂಗಿಯ ಮನೆಯದು. ಒಂದು ಮಧ್ಯಾಹ್ನ ಚೆಟ್ ಸಿಂಕಿನ ಮುಂದೆ ಪಾತ್ರೆ ತೊಳೆಯುತ್ತಿದ್ದ, ಜೆನೆವೀವ್ ಫೋನ್ ಎತ್ತಿದಳು.

"ಏನಂದ್ರಿ? ರಸ್ಟಿ ನೀವಾ? ನೋಡಿ ಮಿಸ್ಟರ್, ಫ್ಲಾರಿಡಾದಲ್ಲಿ ಬಿಸಿಲು ಜಾಸ್ತಿ, ತಲೆಗೆ ಟೋಪಿ ಹಾಕ್ಕೊಂಡು ಓಡಾಡಿ. ರಸ್ಟಿ ಇಲ್ಲೇ ನನ್ನ ಅಡುಗೆಮನೇಲಿ ಬಾಣಲಿ ತಿಕ್ತಾ ಇದಾರೆ." ಫೋನ್ ಇಟ್ಟಳು. "ಎಂಥೆಂಥ ಜನ ನೋಡು ಚೆಟ್. ಹಾಲ್ ಬ್ರೂಬೇಕರ್ ಅಂತೆ."

ಬಾಣಲಿ ಚೆಟ್‌ನ ಕೈಯಿಂದ ಜಾರಿತು. ಹಾಲ್ ಬ್ರೂಬೇಕರ್ ಮೊದಲನೇ ರಸ್ಟಿ.

ಎರಡು ದಿನ ಬಿಟ್ಟು ಇನ್ನೊಂದು ಫೋನ್. "ಇವನು ಪಿಟ್ಸ್‌ಬರ್ಗಿನಿಂದ," ಎಂದಳು ಆಕೆ ರಿಸೀವರಿಗೆ ಕೈ ಅಡ್ಡ ಹಿಡಿದು. ಆಮೇಲೆ ಅದರೊಳಗೆ, "ವಯಸ್ಸೆಷ್ಟು ನಿಮಗೆ? ಎಂಬತ್ತೆಂಟಾ? ಈ ವಯಸ್ಸಲ್ಲಿ ಇನ್ನೊಬ್ಬರ ಹೆಸರು ಕದೀತೀರಲ್ಲ, ದೇವರಿಗೆ ಏನು ಉತ್ತರ ಹೇಳ್ತೀರಿ? ಇಡಿ ಫೋನು." ಅವನು ಎರಡನೆಯವನು, ಮಾರ್ಟ್ ಫೈಗನ್‌ಬಾಮ್. ಮೂರನೆಯವನು ಗಸ್ ಲೆಂಡಲ್ ಫೋನ್ ಮಾಡಿದಾಗ ಅವಳು ಪೊಲೀಸಿಗೆ ಹೇಳುತ್ತೇನೆ ಎಂದು ಬೆದರಿಸಿದಳು. ಅದೇ ಗಳಿಗೆಯಲ್ಲಿ ಚೆಟ್ ಹೇಳಬಹುದಿತ್ತು. "ಜೆನ್ನಿ," ಎಂದು ಕರೆದೂ ಕರೆದ. ಅವಳು ತಿರುಗಿದಳು, ಕೆನ್ನೆ ಕೆಂಪಗೆ, ಕಣ್ಣಲ್ಲಿ ಜಗಳದ ಖುಷಿ, ಗಂಡನ ಪರವಾಗಿ ಲೋಕದ ಮೇಲೆಲ್ಲ ಬೀಳಲು ಸಿದ್ಧಳಾದ ಹೆಂಗಸು. ಚೆಟ್, "ಏನಿಲ್ಲ, ಸೋಪು ಮುಗೀತು," ಎಂದ.

ಕೊನೆಯ ಶುಕ್ರವಾರ ಬಂತು. ಹಾಲಿನಲ್ಲಿ ಕಾಲಿಡಲು ಜಾಗವಿಲ್ಲ. ಫಾದರ್ ಜಿಗ್ಮಂಟ್ ಪ್ರಾರ್ಥನೆ ಹೇಳಿದರು, ಮೀನು ಬಂತು, ಕೌನ್ಸಿಲರ್ ಹೂಲಿಹಾನ್ ಈ ದಿನವನ್ನು ರಸ್ಟಿ ದಿನವೆಂದು ಘೋಷಿಸಿ ತಾನೂ ಚಿಕ್ಕಂದಿನಲ್ಲಿ ದಿಂಬಿನ ಕೆಳಗೆ ರೇಡಿಯೋ ಇಟ್ಟುಕೊಳ್ಳುತ್ತಿದ್ದೆ ಎಂದು ಭಾಷಣ ಮಾಡಿದ. ಸಮುದಾಯ ರೇಡಿಯೋದ ಹುಡುಗಿ ಮೇಜಿನ ಮೇಲೆ ಮೈಕು ಇಟ್ಟಳು, ಕೆಂಪು ದೀಪ ಹೊತ್ತಿತು. ಇನ್ನು ಮಾತಾಡಿದ್ದೆಲ್ಲ ಊರಿಗೆ ಕೇಳುತ್ತದೆ. ಚೆಟ್ ಮೈಕಿನ ಮುಂದೆ ಹೋಗಿ ನಿಂತ. ಕಾಫಿ ಪಾತ್ರೆಯ ಪಕ್ಕ ಹೊಸ ನೀಲಿ ಉಡುಪಿನಲ್ಲಿ ಜೆನೆವೀವ್ ನಿಂತಿದ್ದಳು, ತುಟಿಯಲ್ಲೇ "ಕೂಗು" ಎಂದಳು.

ಚೆಟ್ ಉಸಿರೆಳೆದುಕೊಂಡ. ಬಾಗಿಲ ಕಡೆಯಿಂದ ಕೂಗು ಬಂತು.

ಅದು ಕೂಗು ಎಂದರೆ ಕೂಗು. ಹಾಲಿನ ಹಿರಿಯರೆಲ್ಲ ಶಾಲೆಗೆ ತಡವಾದವರ ಹಾಗೆ ಒಮ್ಮೆಲೇ ಎದ್ದು ಕೂತರು. ಬಾಗಿಲಲ್ಲಿ ಬಿಸಿಲಿಗೆ ಸುಟ್ಟು ತಾಮ್ರದ ಬಣ್ಣವಾಗಿದ್ದ ಮುದುಕನೊಬ್ಬ ಎದೆ ಉಬ್ಬಿಸಿ ನಿಂತಿದ್ದ. "ಬಿಸಿಲು ಜಾಸ್ತಿ ಅಂದ್ರಲ್ಲ ಮೇಡಂ, ಅದಕ್ಕೆ ಹಿಮ ನೋಡೋಣ ಅಂತ ಬಂದೆ," ಎಂದ ಹಾಲ್ ಬ್ರೂಬೇಕರ್.

ಅವನ ಮಾತು ಮುಗಿಯುವ ಮುನ್ನ ಮೂಲೆಯ ಮೇಜಿನಿಂದ ಇನ್ನೊಂದು ಕೂಗು ಎದ್ದಿತು, ಮೊದಲಿನದಕ್ಕಿಂತ ಉದ್ದ, ಕೊನೆಯಲ್ಲಿ ಒಂದು ಸೊಟ್ಟ ತಿರುವು. ಮಾರ್ಟ್ ಫೈಗನ್‌ಬಾಮ್ ಆಗಲೇ ಬಂದು ಮೀನು ತಿನ್ನುತ್ತಾ ಕೂತಿದ್ದ. ಅವನು ಬಾಯಿ ಮುಚ್ಚುತ್ತಲೇ ಗಾಲಿಕುರ್ಚಿಯಲ್ಲಿ ಒಳಬರುತ್ತಿದ್ದ ಗಸ್ ಲೆಂಡಲ್ ಕೂಗಿದ.

ಆಮೇಲೆ ಅದು ಚರ್ಚಿನ ಹಾಲಲ್ಲ, ಕೋಳಿ ಗೂಡು. "ನಾನೇ ಮೊದಲನೆಯವನು, ಇವರೆಲ್ಲ ನಕಲಿ," ಎಂದ ಹಾಲ್. "ನೀನು ಕುರ್ಚಿ ಬೆಚ್ಚಗೆ ಮಾಡಿ ಹೋದೆ, ಕಾರ್ಯಕ್ರಮ ಕಟ್ಟಿದ್ದು ನಾನು," ಎಂದ ಮಾರ್ಟ್. "ಅದನ್ನ ಉಳಿಸಿದ್ದು ನಾನು," ಎಂದ ಗಸ್. ಜನವೂ ಸುಮ್ಮನಿರಲಿಲ್ಲ. ಎಪ್ಪತ್ತೈದು ದಾಟಿದವರು ಹಾಲ್ ಕಡೆ, ಎಪ್ಪತ್ತರ ಆಸುಪಾಸಿನವರು ಮಾರ್ಟ್ ಕಡೆ. "ನನ್ನ ಶಾಲೆಗೆ ರಜೆ ಕೊಟ್ಟಿದ್ದು ಈ ದನಿ," ಎಂದು ಒಬ್ಬಳು ಗಸ್‌ನ ಕೈ ಹಿಡಿದು ಅಳುತ್ತಿದ್ದಳು. ಕೌನ್ಸಿಲರ್ ಫಲಕವನ್ನು ಎದೆಗವಚಿಕೊಂಡು, ಇದನ್ನು ಯಾರಿಗೆ ಕೊಟ್ಟರೆ ವೋಟು ಕಮ್ಮಿ ಹೋಗುತ್ತದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ.

"ತಡೀರಿ," ಎಂದು ನಾರ್ಬರ್ಟ್ ಮೇಜು ಗುದ್ದಿದ. "ನಮ್ಮವನು ಕೂಗಲಿ, ಎಲ್ಲಾ ಇತ್ಯರ್ಥ ಆಗತ್ತೆ. ಕೂಗೋ ಚೆಟ್."

ಎಲ್ಲರೂ ಮೈಕಿನ ಕಡೆ ತಿರುಗಿದರು. ಚೆಟ್ ಜೆನೆವೀವಳ ಕಡೆ ನೋಡಿದ. ಅವಳು ಮೂವರನ್ನೂ ಸುಡುವಂತೆ ನೋಡುತ್ತಾ, ಗಂಡ ಈಗ ಇವರನ್ನು ಮಣ್ಣುಮುಕ್ಕಿಸುತ್ತಾನೆಂದು ಕಾಯುತ್ತಿದ್ದಳು. ಇಷ್ಟು ನಂಬಿಕೆ ಇಟ್ಟವಳನ್ನು ಈ ದರಿದ್ರ ಗಂಟಲಿನಿಂದ ಎಲ್ಲರೆದುರು ನಗೆಪಾಟಲು ಮಾಡುವುದಕ್ಕಿಂತ, ತನ್ನ ಬಾಯಿಂದಲೇ ಹೇಳುವುದು ಮೇಲು ಎನ್ನಿಸಿತು.

"ಇವರು ಮೂವರೂ ನಿಜವಾದ ರಸ್ಟಿಗಳೇ," ಎಂದ ಚೆಟ್ ಮೈಕಿಗೆ. "ಒಬ್ಬರಾದ ಮೇಲೆ ಒಬ್ಬರು. ನಾನು ಕೂಗಿಲ್ಲ. ಒಂದು ಮಾತೂ ಆಡಿಲ್ಲ. ನಾನು ಆ ವೇಷದ ಒಳಗಿದ್ದವನು. ಅಂಗಡಿ ಮುಂದೆ ಕುಣೀತಿದ್ದೆ. ಸುಳ್ಳು ಹೇಳಿದ್ದು ನಾನು, ನಮ್ಮ ಜೆನ್ನಿಗೆ ಏನೂ ಗೊತ್ತಿಲ್ಲ. ಅವಳನ್ನ ಯಾರೂ ಏನೂ ಅನ್ನಬೇಡಿ."

ಮೊದಲು ನಕ್ಕವನು ನಾರ್ಬರ್ಟ್. "ಕೋಳಿ ಪುಕ್ಕದೊಳಗಾ? ಅಯ್ಯೋ ದೇವರೇ, ಬರೀ ಪುಕ್ಕನಾ ನೀನು?" ನಗು ಹಾಲಿನ ತುಂಬ ಹರಡಿತು. ಚೆಟ್ ನಗುವವರನ್ನು ನೋಡಲಿಲ್ಲ. ಕಾಫಿ ಪಾತ್ರೆಯ ಪಕ್ಕದ ಮುಖವನ್ನಷ್ಟೇ ನೋಡಿದ. ಯಾವುದು ಆಗಬಾರದೆಂದು ಇಷ್ಟು ದಿನ ಒದ್ದಾಡಿದ್ದನೋ ಅದೇ ಆಯಿತು. ಆ ಮುಖ ಬಾಡಿತ್ತು.

"ಯಾರು ನಗೋದು, ಬಾಯಿ ಮುಚ್ಚಿ," ಎಂದು ಒಂದು ಮುದಿ ದನಿ ಕೇಳಿತು. ಮಿಸೆಸ್ ಫಿಯೋರೆಲ್ಲಾ ಊರುಗೋಲು ಹಿಡಿದು ಎದ್ದು ನಿಂತಿದ್ದಳು. "ಏ ಚೆಟ್, ಬ್ರಾಡ್‌ವೇ ಬೀದೀಲಿ ಚಪ್ಪಲಿ ಅಂಗಡಿ ತೆರೆದ ದಿನ ಬಂದಿದ್ದು ನೀನಾ?"

"ನಾನೇ."

"ಅಲ್ಲಿ ಒಬ್ಬಳು ಕಪ್ಪು ಬಟ್ಟೆ ಮುದುಕಿ ಜತೆ ಕುಣಿದಿದ್ದೆ."

"ಹೌದು. ತುಂಬಾ ಕುಳ್ಳಗಿದ್ರು. ಅವರ ಕಾಲು ತುಳಿದುಬಿಟ್ಟೆ. ಕೊಕ್ಕಿನ ತೂತಿಂದ ನೆಲ ಕಾಣ್ತಿರಲಿಲ್ಲ."

"ಎಡಗಾಲು," ಎಂದಳು ಮಿಸೆಸ್ ಫಿಯೋರೆಲ್ಲಾ. "ಒಂದು ವಾರ ಕುಂಟಿದಳು. ಅದು ನಮ್ಮಮ್ಮ. ಸಿಸಿಲಿಯಿಂದ ಬಂದು ಆರು ವರ್ಷ ಈ ಊರಲ್ಲಿ ಒಂದು ಸಲ ನಕ್ಕಿರಲಿಲ್ಲ. ಇಲ್ಲಿಯ ಭಾಷೆ ಬರಲ್ಲ, ಯಾರ ಮಾತೂ ಅರ್ಥ ಆಗಲ್ಲ. ನೀನು ಮಾತಾಡಲಿಲ್ಲ ನೋಡು, ಅವಳಿಗೆ ಎಲ್ಲಾ ಅರ್ಥ ಆಯ್ತು. ಕುಂಟ್ತಾ ಕುಂಟ್ತಾ ನಗ್ತಿದ್ಲು." ಅವಳು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡಳು. "ಕೂಗಿದ್ದು ಮಾತ್ರ ದರಿದ್ರ. ಅದನ್ನ ಆವತ್ತೇ ಹೇಳಿದೀನಿ."

ಯಾರೂ ನಗಲಿಲ್ಲ. ಹಿಂದಿನ ಮೇಜಿನಿಂದ ಒಬ್ಬ, ತನ್ನ ತಮ್ಮನನ್ನು ಹೆಗಲ ಮೇಲೆ ಹೊತ್ತಿದ್ದು ನೀನಾ ಎಂದು ಕೇಳಿದ. ಇನ್ನೊಬ್ಬಳು, ನನಗೆ ಪುಕ್ಕ ಕಿತ್ತುಕೊಟ್ಟಿದ್ದೆಯಲ್ಲ ಎಂದಳು. ಚೆಟ್ ಎಲ್ಲದಕ್ಕೂ ಹೌದು, ಹೌದು ಎನ್ನುತ್ತಿದ್ದ, ಆಗ ಯಾವ ಹಾಡಿಗೆ ಕುಣಿದಿದ್ದೆ ಎಂದೂ ಹೇಳುತ್ತಿದ್ದ. ಮೂವರು ರಸ್ಟಿಗಳು ಜಗಳ ಮರೆತು ಕೇಳುತ್ತಾ ಕೂತರು. ಕೊನೆಗೆ ಮಾರ್ಟ್ ಫೈಗನ್‌ಬಾಮ್ ಮೆಲ್ಲಗೆ, "ನಮ್ಮ ಸ್ಟುಡಿಯೋಗೆ ಕಿಟಕಿ ಇರಲಿಲ್ಲ," ಎಂದ. "ಕೇಳುಗರು ಅಂದ್ರೆ ಹೇಗಿರ್ತಾರೆ ಅಂತ ನಾನು ನೋಡ್ತಿರೋದು ಇವತ್ತೇ."

ಆಗ ಜೆನೆವೀವ್ ಕಾಫಿ ಪಾತ್ರೆ ಬಿಟ್ಟು ಬಂದಳು. ಜನ ದಾರಿ ಬಿಟ್ಟರು. ಚೆಟ್ ಒಂದು ಹೆಜ್ಜೆ ಹಿಂದೆ ಸರಿದ. ಅವಳು ಅವನ ಕಡೆ ತಿರುಗಿಯೂ ನೋಡದೆ ಮೂವರ ಮುಂದೆ ಹೋಗಿ ನಿಂತಳು.

"ನೀವು ಯಾರಾದ್ರೂ ಆ ವೇಷ ಹಾಕಿದ್ರಾ?"

ಮೂವರೂ ಇಲ್ಲವೆಂದು ತಲೆಯಾಡಿಸಿದರು.

"ಜುಲೈ ಸೆಖೆಲಿ ಅದರೊಳಗೆ ಬೆವತಿದ್ರಾ? ಯಾರ ಜತೆಗಾದ್ರೂ ಕುಣಿದಿದ್ರಾ?"

"ಇಲ್ಲ ಮೇಡಂ," ಎಂದ ಹಾಲ್ ಬ್ರೂಬೇಕರ್, ಶಾಲೆಯ ಹುಡುಗನ ದನಿಯಲ್ಲಿ.

ಅವಳು ಕೌನ್ಸಿಲರನ ಕೈಯಿಂದ ಫಲಕ ಕಿತ್ತುಕೊಂಡು ಅಣ್ಣನ ಕಡೆ ತಿರುಗಿದಳು. "ಕೇಳಿಸ್ಕೋ ನಾರ್ಬರ್ಟ್. ಇವರು ಮೂವರೂ ಸೇರಿದ್ರೂ ಬರೀ ಗಂಟಲು. ಮಿಕ್ಕ ಹುಂಜ ಅಷ್ಟೂ ನನ್ನ ಗಂಡ."

ಹಾಲಿನಲ್ಲಿದ್ದವರೆಲ್ಲ ಎದ್ದು ನಿಂತರು. ಚಪ್ಪಾಳೆಯ ಗದ್ದಲದಲ್ಲಿ ಅವಳು ಫಲಕವನ್ನು ಚೆಟ್‌ನ ಕೈಗೆ ತುರುಕಿ, ಅವನ ಕಾಲರು ಹಿಡಿದು ಹತ್ತಿರಕ್ಕೆಳೆದು ಕಿವಿಯಲ್ಲಿ ಹೇಳಿದಳು: "ಇಷ್ಟು ಚೆಂದದ ನಿಜ ಇಟ್ಕೊಂಡು ಸುಳ್ಳು ಹೇಳ್ತೀಯಲ್ಲೋ, ಮಂಕೇ. ಮನೆಗೆ ನಡಿ, ಇದೆ ನಿನಗೆ. ಮೊದಲು ನನ್ನ ಜತೆ ಕುಣಿದು, ಆಮೇಲೆ ಬೈಸ್ಕೋ."

ಮೈಕಿನ ಕೆಂಪು ದೀಪ ಅವರ ಪಕ್ಕದಲ್ಲೇ ಇನ್ನೂ ಉರಿಯುತ್ತಿತ್ತು. ಇದೂ ಊರಿಗೆಲ್ಲ ಕೇಳಿಸಿತು.